ತೆಂಗಿನ ಸೀಮೆಗೆ ಬಂದ ಸರ್ಕಾರದ ಮಾತು

ಓದುಗರೇ, ತಿಪಟೂರಿನ ಕಡೆಯ ತೋಟದ ಮನೆಯೊಂದಕ್ಕೆ ಹೋದರೆ ತಲೆಯೆತ್ತಿ ಅಟ್ಟವನ್ನೊಮ್ಮೆ ನೋಡಿ. ಸಿಪ್ಪೆ ಸುಲಿಯದ ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ಕಾಲ ಕಾದ ರೈತನಿಗೆ ಮಾರುವ ಹೊತ್ತಿನಲ್ಲಿ ಸರ್ಕಾರದ ಒಂದು ಮಾತು ತಡವಾಗಿ ಮುಟ್ಟಿದರೂ ನಷ್ಟವೇ. ಈ ಮಾತು ಈ ಸೀಮೆಗೆ ಯಾವ ದಾರಿಯಲ್ಲಿ ಬರುತ್ತಿತ್ತು ಎಂಬುದನ್ನು ನೋಡೋಣ.

ಅತ್ಯಂತ ಹಳೆಯ ದಾರಿ ಕಲ್ಲಿನದು. ತುರುವೇಕೆರೆಯಂಥ ಹೊಯ್ಸಳರ ಊರುಗಳಲ್ಲಿ ದತ್ತಿ, ತೆರಿಗೆಗಳ ವಿಷಯವನ್ನು ಶಾಸನವಾಗಿ ಕೊರೆಸಿ ನಿಲ್ಲಿಸುತ್ತಿದ್ದರು. ಓದಲು ಬಾರದವರಿಗೆ ತಮಟೆ. ಅಮಲ್ದಾರರ ಹುಕುಂ ಶಾನುಭೋಗರ ಕೈಸೇರುತ್ತಿತ್ತು. ಪಟೇಲರ ಅಪ್ಪಣೆಯಂತೆ ತಳವಾರನೋ ತೋಟಿಯೋ ಬೀದಿ ಬೀದಿಯಲ್ಲಿ ಸಾರುತ್ತಿದ್ದ. ನೌಕರನಿಗೂ ಪ್ರಜೆಗೂ ಇದ್ದದ್ದು ಒಂದೇ ಸರಪಳಿ. ಹುಕುಮಿನಲ್ಲಿ ಏನಿದೆಯೆಂದು ಶಾನುಭೋಗರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಮಟೆಯನ್ನು ಎದುರು ಪ್ರಶ್ನೆ ಕೇಳುವಂತೆಯೂ ಇರಲಿಲ್ಲ.

ಈ ಒಮ್ಮುಖದ ಮಾತಿಗೆ ಮೊದಲ ತಿರುವು ಬಂದದ್ದು 1881ರಲ್ಲಿ. 1876-78ರ ಭೀಕರ ಕ್ಷಾಮ ಸಂಸ್ಥಾನವನ್ನು ಹಿಂಡಿತ್ತು. ಬ್ರಿಟಿಷರಿಂದ ಆಡಳಿತ ಮರಳಿ ಪಡೆದ ವರ್ಷವೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯ ಆಜ್ಞೆ ಹೊರಟಿತು. ಸರ್ಕಾರದ ಉದ್ದೇಶಗಳು ಜನರಿಗೆ ಚೆನ್ನಾಗಿ ತಿಳಿಯಬೇಕು, ಸರ್ಕಾರದ ಕ್ರಮಗಳು ಜನರ ಇಷ್ಟಕ್ಕೆ ಹೊಂದಬೇಕು ಎಂಬುದು ಅದರ ಸಾರ. ತಾಲ್ಲೂಕಿಗೆ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು. ಆ ಅಕ್ಟೋಬರ್ 7ರಂದು, ದಸರೆಯ ಬೆನ್ನಲ್ಲೇ, 144 ಮಂದಿ ಮೈಸೂರಿನಲ್ಲಿ ಕೂಡಿದರು. ದಿವಾನರು ಲೆಕ್ಕ ಒಪ್ಪಿಸಿದರು, ಬಂದವರು ಅಹವಾಲು ಹೇಳಿದರು.

ಇದನ್ನು ಹೆಚ್ಚಾಗಿ ಹೊಗಳಬೇಕಿಲ್ಲ. ಕಾನೂನು ಮಾಡುವ ಅಧಿಕಾರ ಸಭೆಗೆ ಇರಲಿಲ್ಲ. ತೆಂಗಿನ ಮರ ಹತ್ತುವವನಿಗಾಗಲಿ, ತಮಟೆ ಬಡಿಯುವವನಿಗಾಗಲಿ ಅಲ್ಲಿ ಜಾಗವಿರಲಿಲ್ಲ. ಆದರೂ ಊರಿಗೆ ಹಿಂತಿರುಗಿದವನನ್ನು ಜಗುಲಿಯಲ್ಲಿ ಕೂರಿಸಿಕೊಂಡು 'ದಿವಾನರು ಏನೆಂದರು?' ಎಂದು ಕೇಳಬಹುದಿತ್ತಲ್ಲ, ಅದು ಹೊಸತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. 1949ರಲ್ಲಿ ಅದು ಮುಗಿಯಿತು.

ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1963ರಲ್ಲಿ ಕೊನೆಗೊಂಡವು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕಾಯಿದೆಯೂ ಅದೇ ವರ್ಷದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀಕಂಠಯ್ಯನವರೇ 'ರಾಷ್ಟ್ರಪತಿ' ಎಂಬ ಪದವನ್ನು ಸೂಚಿಸಿದರೆಂಬ ಪ್ರತೀತಿಯಿದೆ. ಆಡಳಿತದ ಮಾತು ಜನರ ನಾಲಗೆಗೆ ಒಗ್ಗಬೇಕೆಂಬ ಕಾಳಜಿ ಈ ಮಣ್ಣಿಗೆ ಹೊಸದಲ್ಲ.

ಈಗ ಅಟ್ಟದ ಕೆಳಗೆ ಮತ್ತೆ ಬನ್ನಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಎಂದು 2023ರ ಡಿಸೆಂಬರಿನಲ್ಲಿ ದೆಹಲಿಯಿಂದ ಪ್ರಕಟವಾಯಿತು. ಬೆಲೆಯ ಸುದ್ದಿ ಅಂದೇ ಎಲ್ಲರಿಗೂ ತಿಳಿಯಿತು. ಆದರೆ ಖರೀದಿಗೆ ಮಿತಿಯುಂಟು, ಮೊದಲೇ ಹೆಸರು ನೋಂದಾಯಿಸಬೇಕು. ರೈತರು ಸಾಲುಗಟ್ಟಿ ನಿಂತರು. ಅಕ್ರಮದ ದೂರುಗಳೆದ್ದು ಮೊದಲ ನೋಂದಣಿ ರದ್ದಾಗಿ, ಮತ್ತೊಮ್ಮೆ ನಡೆಯಿತು. ಎರಡನೆಯ ಸಲದ ಸುದ್ದಿ ನಿಮಗೆ ಯಾರಿಂದ, ಯಾವ ದಿನ ತಿಳಿಯಿತು? ಆ ಸಾಲಿನಲ್ಲಿ ನಿಂತವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ.