ಹಂಡೆಯ ಹುಡುಗ, ಹೊಣೆಯ ಆಳು

ಬೆಂಗಳೂರಿನವೂ ಸೇರಿದಂತೆ ದೊಡ್ಡ ಹೋಟೆಲುಗಳ ಅಡುಗೆಮನೆಗೆ ಹೊಸದಾಗಿ ಸೇರಿದವನ ಹುದ್ದೆಗೆ ‘ಕೊಮಿ’ ಎಂಬ ಫ್ರೆಂಚ್ ಹೆಸರಿದೆ. ಈರುಳ್ಳಿ ಹೆಚ್ಚುವುದು, ಸೊಪ್ಪು ಬಿಡಿಸುವುದು ಅವನ ಪಾಲಿನ ಕೆಲಸವಾದ್ದರಿಂದ ‘ಸಹಾಯಕ’ ಎಂದು ಅರ್ಥ ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಆ ಪದದಲ್ಲಿ ಸಹಾಯದ ಸುಳಿವೇ ಇಲ್ಲ. ಅದರ ಬೇರು ಲ್ಯಾಟಿನ್ನಿನ ‘ಕೊಮಿತ್ತೆರೆ’, ಅಂದರೆ ಒಪ್ಪಿಸು, ವಹಿಸು. ನಮಗೆ ಚಿರಪರಿಚಿತವಾದ ಕಮಿಟಿ, ಕಮಿಷನರ್ ಕೂಡ ಇದೇ ಬಳ್ಳಿಯ ಕಾಯಿಗಳು. 14ನೆಯ ಲೂಯಿಯ ಮಂತ್ರಿಗಳ ಕಚೇರಿಗಳಲ್ಲಿ ಕಡತ ನೋಡುತ್ತಿದ್ದವರೂ ಕೊಮಿಗಳೇ. ಉನ್ನತ ಅಧಿಕಾರಿಯನ್ನು ‘ರಾಜ್ಯದ ಮಹಾ ಕೊಮಿ’ ಎನ್ನುವ ರೂಢಿ ಫ್ರಾನ್ಸಿನಲ್ಲಿ ಇಂದಿಗೂ ಇದೆ. ಅಡುಗೆಮನೆ ಈ ಪದವನ್ನು ಪಡೆದದ್ದು ಕಚೇರಿಯಿಂದ. ಪದದ ಜೊತೆಗೆ ಕಚೇರಿಯ ಶಿಸ್ತೂ ಶ್ರೇಣಿಯೂ ಒಳಗೆ ಬಂದವು ಎಂಬುದು ನನ್ನ ವಾದ.

ಒಲೆಯ ಬಳಿಯ ಹುಡುಗನಿಗೆ ಇದ್ದ ಹಳೆಯ ಹೆಸರು ‘ಮಾರ್ಮಿತೋಂ’. ‘ಮಾರ್ಮೀತ್’ ಎಂದರೆ ಮುಚ್ಚಳದ ಹಂಡೆ. ಆ ಪದಕ್ಕೆ ಮೊದಲಿದ್ದ ಅರ್ಥ ಕಪಟಿ ಎಂದು. ಹೊಟ್ಟೆಯೊಳಗಿನದನ್ನು ತೋರಗೊಡದ ಪಾತ್ರೆಗೆ ಅದು ಅಂಟಿಕೊಂಡಿತು ಎಂದು ನಿರುಕ್ತಕಾರರು ವಿವರಿಸುತ್ತಾರೆ. ಹುಡುಗನಿಗೆ ಸ್ವಂತ ಹೆಸರಿಲ್ಲ, ಅವನು ಹಂಡೆಯವನು. ‘ಗಾತ್ ಸೋಸ್’ ಎಂಬ ಇನ್ನೊಂದು ಹೆಸರಂತೂ ನೇರವಾಗಿ ‘ಸಾರು ಕೆಡಿಸುವವನು’ ಎನ್ನುತ್ತದೆ. ಹಳೆಯ ಕಾಲದಲ್ಲೂ ಹುಡುಗರು ಮೇಲೇರಲಿಲ್ಲವೇ ಎಂದು ಕೇಳಬಹುದು. ಏರಿದ್ದರು. 1326ರಲ್ಲಿ ‘ಅಡುಗೆಮನೆಯ ಮಗು’ ಎಂದು ದಾಖಲಾದ ಗಿಯೋಮ್ ತಿರೆಲ್ ಮುಂದೆ ತಾಯ್‌ವಾಂ ಎಂಬ ಹೆಸರಿನಲ್ಲಿ 5ನೆಯ ಚಾರ್ಲ್ಸ್ ದೊರೆಯ ಬಾಣಸಿಗನಾದ. ಆದರೆ ಅದು ಅರಮನೆಯ ಆಸರೆಯಲ್ಲಿ ಒಬ್ಬನಿಗೆ ಒದಗಿದ ಏಳಿಗೆ. ‘ಮಗು’ ಎಂಬ ಹೆಸರಿನಲ್ಲಿ ಮುಂದಿನ ಮೆಟ್ಟಿಲಿನ ಗುರುತಿರಲಿಲ್ಲ. ಕೊಮಿಯ ಹೆಸರಿನಲ್ಲಿ ಆ ಗುರುತಿದೆ. 13ನೆಯ ವಯಸ್ಸಿಗೆ ಚಿಕ್ಕಪ್ಪನ ಹೋಟೆಲಿಗೆ ಕೆಲಸಕ್ಕೆ ಸೇರಿದ್ದ ಫ್ರೆಂಚ್ ಬಾಣಸಿಗ ಎಸ್ಕೋಫಿಯೆ, 1890ರಿಂದ ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆಯನ್ನು ವಿಭಾಗಗಳಾಗಿ ಒಡೆದು, ಪ್ರತಿಯೊಂದಕ್ಕೂ ಮುಖ್ಯಸ್ಥನನ್ನಿಟ್ಟ. ಇಂಥ ಏರ್ಪಾಟಿನಲ್ಲಿ ಆ ಮುಖ್ಯಸ್ಥನ ಕೈಕೆಳಗಿನ ಕೊಮಿ, ನಾಳೆ ಅದೇ ಜಾಗಕ್ಕೆ ಬರಬೇಕಾದವನು.

ಹೆಸರು ಬದಲಾದರೆ ಒಲೆಯ ಬೇಗೆ ಆರೀತೇ, ಕೂಲಿ ಹೆಚ್ಚೀತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಒಪ್ಪಿಸಿದ ಕೆಲಸಕ್ಕೆ ಲೆಕ್ಕ ಕೊಡಬೇಕಾದವನು ತಾನೂ ಲೆಕ್ಕಕ್ಕೆ ಬರುತ್ತಾನೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಏಣಿಯ ಹೊರಗೇ ಉಳಿದವನನ್ನು ನೋಡಬೇಕು. ಜಾರ್ಜ್ ಆರ್ವೆಲ್ 1933ರ ತನ್ನ ಪುಸ್ತಕದಲ್ಲಿ ಪ್ಯಾರಿಸ್ಸಿನ ಹೋಟೆಲಿನಲ್ಲಿ ತಟ್ಟೆ ತೊಳೆದ ದಿನಗಳನ್ನು ಬರೆದಿದ್ದಾನೆ. ಆ ಕೆಲಸದವನ ಹೆಸರು ‘ಪ್ಲೋಂಜರ್’, ನೀರಿನಲ್ಲಿ ಮುಳುಗುವವನು. ಅವನಿಗೆ ಯಾರೂ ಏನನ್ನೂ ‘ಒಪ್ಪಿಸಿಲ್ಲ’. ಹಂಡೆಯ ಹುಡುಗನಂತೆ ಅವನನ್ನೂ ಇಂದಿಗೂ ಕರೆಯುವುದು ಅವನ ಕೈ ಅದ್ದಿರುವ ತೊಟ್ಟಿಯಿಂದಲೇ.