ಕುಲುಮೆಯಿಂದ ಪುಡಿಲೋಹದವರೆಗೆ: ದುರ್ಗಸೀಮೆಯ ಕಬ್ಬಿಣದ ತಿಳಿವಳಿಕೆ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವು ಲಕ್ಷ್ಮೀನರಸಿಂಹಸ್ವಾಮಿಯ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಇದೇ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ, ಮೇಗಳಹಳ್ಳಿ ಪರಿಸರದ ಗುಡ್ಡಗಳು ಕಬ್ಬಿಣದ ಅದಿರಿಗೆ ಹೆಸರಾಗಿವೆ. ಈ ಸೀಮೆಯನ್ನು ಪಾಳೆಯಗಾರರ ಕೋಟೆ-ಕಾಳಗಗಳಿಂದ ಅರಿಯುವಷ್ಟೇ ಅದರ ಲೋಹವಿದ್ಯೆಯಿಂದಲೂ ಅರಿಯಬೇಕಾಗಿದೆ.

ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ಕುಳ, ಕುಡುಗೋಲುಗಳನ್ನು ತಟ್ಟಿಕೊಡುವುದು ಅವನ ಕಾಯಕ. ಅವನಿಗೆ ಬೇಕಾದ ಕಬ್ಬಿಣವನ್ನು ಹಿಂದೆ ಮಣ್ಣಿನ ಒಲೆಗಳಲ್ಲಿ ತೆಗೆಯುತ್ತಿದ್ದರು. ಇದ್ದಿಲು ತುಂಬಿ ಎಷ್ಟೇ ತಿದಿ ಒತ್ತಿದರೂ ಕಬ್ಬಿಣ ಕರಗುವ 1538 ಡಿಗ್ರಿ ಸೆಲ್ಸಿಯಸ್ ಶಾಖ ಅಲ್ಲಿ ಒದಗುತ್ತಿರಲಿಲ್ಲ. ಅದಿರಿನ ಆಮ್ಲಜನಕವಷ್ಟೇ ಕಳೆದು, ತೂತುತೂತಾದ ಮುದ್ದೆ ಉಳಿಯುತ್ತಿತ್ತು. ಅದನ್ನು ಕಾಸಿ ಬಡಿದಾಗ ಕಿಟ್ಟ ಹೊರಬಿದ್ದು, ತೂತು ಮುಚ್ಚಿ, ಲೋಹ ಒಂದಾಗುತ್ತಿತ್ತು. ದೆಹಲಿಯ ಕಬ್ಬಿಣದ ಕಂಬವೂ ಇಂತಹ ಮುದ್ದೆಗಳನ್ನು ಬೆಸೆದು ರೂಪಿಸಿದುದೇ.

ಇಂದಿನ ಮೋಟಾರು ಎಂಜಿನಿನ ಕನೆಕ್ಟಿಂಗ್ ರಾಡ್ ತಯಾರಿಕೆಯಲ್ಲಿ ಇದೇ ತತ್ತ್ವ ಕಾಣುತ್ತದೆ. ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1120 ಡಿಗ್ರಿಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮುಚ್ಚಿದ ಅಚ್ಚಿನಲ್ಲಿ ಬಡಿಯುತ್ತಾರೆ. ಉಳಿದ ಒಂದು ತೂತೂ ಬಿರುಕಿಗೆ ಮೂಲವಾಗಬಹುದಾದ್ದರಿಂದ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 7.8 ಗ್ರಾಮಿನವರೆಗೆ ಏರಿಸಬೇಕಾಗುತ್ತದೆ. 1970ರ ದಶಕದಲ್ಲಿ ಪೋರ್ಷೆ 928, 1986ರಲ್ಲಿ ಫೋರ್ಡ್ ಎಂಜಿನುಗಳು ಈ ವಿಧಾನವನ್ನು ಬಳಸಿದವು. ಬಲ ಹೆಚ್ಚಿಸಲು ಪುಡಿಗೆ ತಾಮ್ರವನ್ನೂ ಗ್ರಾಫೈಟನ್ನೂ ಬೆರೆಸುತ್ತಾರೆ. ಗ್ರಾಫೈಟಿನ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತದೆ.

ಈ ಇಂಗಾಲದ ಮರ್ಮವೂ ಇಲ್ಲಿಯ ನೆಲಕ್ಕೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿ, ಹಸಿರೆಲೆಗಳನ್ನಿಟ್ಟು ಉಕ್ಕು ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಹಿಂದಿನದರಿಂದಲೇ ಇಂದಿನದು ಹುಟ್ಟಿತೆಂದು ಇದರಿಂದ ಹೇಳಲಾಗದು. ಆದರೆ ಪ್ರಯೋಗಾಲಯ ಅಳೆದು ಬೆರೆಸುವುದನ್ನು ಕುಶಲಕರ್ಮಿ ಕಣ್ಣಳತೆಯಲ್ಲಿ ಹದಗೊಳಿಸುತ್ತಿದ್ದನೆಂಬುದು ನಿಜ.

ವಿಲಾಯತಿ ಕಬ್ಬಿಣ ಅಗ್ಗವಾಗಿ ಬಂದ ಮೇಲೆ ಈ ಒಲೆಗಳು ಆರಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದಿರು ಗಣಿಯ ಸರಕಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲೆಕ್ಕ, ನೆಲದ ಹಾನಿ ಚರ್ಚೆಗೆ ಬಂದವು. ಅದೇ ಅದಿರನ್ನು ಉಕ್ಕಾಗಿಸಿದ ಕೈಗಳ ತಿಳಿವಳಿಕೆಗೂ ಲೆಕ್ಕವೊಂದು ಸಲ್ಲಬೇಕು. ಹೊಲಗಳಲ್ಲಿ ಸಿಗುವ ಕಿಟ್ಟದ ಗುಡ್ಡೆ, ಹಿರಿಯ ಕಮ್ಮಾರರ ಮಾತು ಇವೆರಡೂ ಅದರ ಆಕರಗಳು. ಇವುಗಳಲ್ಲಿ ಎರಡನೆಯದು ತಲೆಮಾರಿನೊಂದಿಗೆ ಅಳಿಯುವಂತಹದು.