ಊರು ಬಿಟ್ಟು ಊರನ್ನೇ ಓದಿದವರು: ಎಂ.ಎನ್. ಶ್ರೀನಿವಾಸ್ ಮತ್ತು ಸಮಾಜಶಾಸ್ತ್ರ

ಇವತ್ತಿನ ಮಾತು ಸಮಾಜಶಾಸ್ತ್ರದ ಬಗ್ಗೆ. ಸೈನ್ಸ್ ಸಿಗದವರು ಓದೋ ಸಬ್ಜೆಕ್ಟು, ಅದನ್ನ ಓದಿ ಏನು ಕೆಲಸ ಸಿಗುತ್ತೆ ಅಂತ ನಮ್ಮ ಮನೆಗಳಲ್ಲಿ ಹೇಳ್ತಿದ್ದರಲ್ಲ, ಅದೇ ಸಮಾಜಶಾಸ್ತ್ರ. ಆದರೆ ಮುಂಬೈಯಲ್ಲೋ ಪುಣೆಯಲ್ಲೋ ಕೂತು ಊರಿನ ಬಗ್ಗೆ ಯೋಚಿಸುವ ನಮಗೆ ಈ ವಿಷಯ ಅಂದುಕೊಂಡಿದ್ದಕ್ಕಿಂತ ಹತ್ತಿರದ್ದು. ಅದಕ್ಕೆ ಕಾರಣ ಒಬ್ಬ ಮೈಸೂರಿನವರು.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದೂ ಅದೇ ವರ್ಷ, ಅದೇ ಊರಲ್ಲಿ. ಅವರ ಹಿರಿಯರ ಊರು ಅರಕೆರೆ. ಮಕ್ಕಳ ಓದಿಗೋಸ್ಕರ ತಂದೆ ಹಳ್ಳಿ ಬಿಟ್ಟು ಮೈಸೂರಿಗೆ ಬಂದರು. ಅಂದರೆ ಈ ಕಥೆ ಶುರುವಾಗೋದೇ ಒಂದು ವಲಸೆಯಿಂದ.

ಅವರ ಮನೆ ಇದ್ದದ್ದು ಕಾಲೇಜ್ ರಸ್ತೆಯಲ್ಲಿ. ಅದರ ಹಿಂದೆಯೇ ಬಂಡಿಕೇರಿ, ಕುರುಬರು ಹೆಚ್ಚಾಗಿದ್ದ ಬಡಾವಣೆ. ಅಯ್ಯಂಗಾರ್ ಮನೆಯ ಹುಡುಗನಿಗೆ ಅಲ್ಲಿಯ ಊಟ, ಮಾತು, ಬಯ್ಗುಳ, ದೇವರು ಎಲ್ಲವೂ ಬೇರೆ. ತಮ್ಮ ಮೊದಲ 'ಕಲ್ಚರ್ ಶಾಕ್' ಆಗಿದ್ದು ಅಲ್ಲೇ ಅಂತ ಮುಂದೆ ಅವರು ಬರೆದುಕೊಂಡರು. ಬೇರೆ ಸಮಾಜ ನೋಡೋಕೆ ಹಡಗು ಹತ್ತಬೇಕಾಗಿರಲಿಲ್ಲ, ಮನೆಯ ಹಿಂದಕ್ಕೆ ಹೋದರೆ ಸಾಕಿತ್ತು.

ಮಹಾರಾಜಾ ಕಾಲೇಜಿನಲ್ಲಿ ಅವರು ಓದಿದ್ದು ಸೋಷಿಯಲ್ ಫಿಲಾಸಫಿ. ಅಲ್ಲಿ ಪ್ರೊಫೆಸರ್ ಎ.ಆರ್. ವಾಡಿಯಾ ಇದ್ದರು. ಆನರ್ಸ್ ಮುಗಿಸಿ 1936ರಲ್ಲಿ ಶ್ರೀನಿವಾಸ್ ಬೊಂಬಾಯಿಗೆ ಹೊರಟರು.

ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾಗಿದ್ದು 1919ರಲ್ಲಿ. ಮೊದಲ ಮುಖ್ಯಸ್ಥರು ನಗರ ಯೋಜನೆಗೆ ಹೆಸರಾದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್. 1924ರಿಂದ ಅದನ್ನು ನಡೆಸಿದವರು ಜಿ.ಎಸ್. ಘುರ್ಯೆ. ಇವರು ಸಂಸ್ಕೃತ ಪಂಡಿತರೂ ಹೌದು, ಕೇಂಬ್ರಿಡ್ಜಿನಲ್ಲಿ ಮಾನವಶಾಸ್ತ್ರ ಓದಿದವರೂ ಹೌದು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಹೆಸರು ಮಾಡಿದ ಇರಾವತಿ ಕರ್ವೆ ಕೂಡ ಇವರ ಶಿಷ್ಯೆಯೇ.

ಈಗ ಸ್ವಾರಸ್ಯ ನೋಡಿ. ಬೊಂಬಾಯಿಗೆ ಹೋದ ಶ್ರೀನಿವಾಸ್ ಎಂ.ಎ.ಗೆ ಬರೆದ ಪ್ರಬಂಧ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ. 1942ರಲ್ಲಿ ಅದು ಪುಸ್ತಕವಾಯಿತು. ಆಮೇಲೆ 1944ರಲ್ಲಿ ಪಿಎಚ್‌.ಡಿ., ಅದು ಕೊಡಗಿನ ಬಗ್ಗೆ. ಊರು ಬಿಟ್ಟು ಹೋದವರು ಓದಿದ್ದೆಲ್ಲ ನಮ್ಮ ಕಡೆಯದ್ದೇ!

1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಇನ್ನೊಂದು ತಿರುವು. ಘುರ್ಯೆಯವರ ಪದ್ಧತಿಯಲ್ಲಿ ಒಂದು ಆಚರಣೆ ಎಲ್ಲಿಂದ ಬಂತು, ಹೇಗೆ ಹರಡಿತು ಅನ್ನೋದು ಮುಖ್ಯ. ಆಕ್ಸ್‌ಫರ್ಡಿನ ರ್‍ಯಾಡ್‌ಕ್ಲಿಫ್-ಬ್ರೌನ್ ಕೇಳುತ್ತಿದ್ದದ್ದು ಬೇರೆ: ಈ ಆಚರಣೆ ಈಗ ಈ ಸಮಾಜದಲ್ಲಿ ಏನು ಕೆಲಸ ಮಾಡುತ್ತಿದೆ? ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಗಿಟ್ ಬ್ಲೇಮ್ ಹಾಕಿ ಈ ಲೈನ್ ಯಾರು ಯಾವಾಗ ಬರೆದರು ಅಂತ ಹುಡುಕೋದು ಒಂದು. ಈ ಲೈನ್ ತೆಗೆದರೆ ಏನೇನು ಮುರಿಯುತ್ತೆ ಅಂತ ನೋಡೋದು ಇನ್ನೊಂದು. ಕೊಡಗಿನ ಅದೇ ಮಾಹಿತಿ, ಹೊಸ ಪ್ರಶ್ನೆ, ಎರಡನೇ ಡಾಕ್ಟರೇಟ್.

1952ರಲ್ಲಿ ಬಂದ ಕೊಡಗಿನ ಪುಸ್ತಕದಿಂದ 'ಸಂಸ್ಕೃತೀಕರಣ' ಅನ್ನೋ ಪರಿಕಲ್ಪನೆ ಹೆಸರಾಯಿತು. ಕೆಳಗಿನದು ಅನ್ನಿಸಿಕೊಂಡ ಒಂದು ಜಾತಿ ಮೇಲಿನವರ ಆಚಾರ, ಊಟ, ಪೂಜೆಯ ಕ್ರಮ ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳೋದು. ಜಾತಿ ಅಂದರೆ ಅಲುಗಾಡದ ಮೆಟ್ಟಿಲು ಅಂತ ನಂಬಿದ್ದ ಕಾಲದಲ್ಲಿ, ಆ ಮೆಟ್ಟಿಲ ಮೇಲೆ ಓಡಾಟ ಇದೆ ಅಂತ ತೋರಿಸಿದ ಮಾತು ಅದು.

1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು. ಬರವಣಿಗೆಯಲ್ಲಿ ಅದಕ್ಕಿಟ್ಟ ಹೆಸರು ರಾಂಪುರ. ಅಲ್ಲಿ ಒಕ್ಕಲಿಗರ ಬಲ ನೋಡಿ ಬರೆದದ್ದು 'ಪ್ರಬಲ ಜಾತಿ' ಅನ್ನೋ ವಿಚಾರ. ಶಾಸ್ತ್ರದಲ್ಲಿ ಯಾರು ಮೇಲೆ ಅನ್ನೋದಕ್ಕಿಂತ ಜಮೀನು, ಜನಸಂಖ್ಯೆ ಯಾರ ಹತ್ತಿರ ಇದೆ ಅನ್ನೋದು ಹಳ್ಳಿಯಲ್ಲಿ ನಡೆಯುತ್ತೆ. ದಿನಾ ಟಿವಿಯಲ್ಲಿ ಕೇಳೋ 'ವೋಟ್ ಬ್ಯಾಂಕ್' ಪದವನ್ನು ಬಳಕೆಗೆ ತಂದ ಹೆಸರು ಕೂಡ ಸಾಮಾನ್ಯವಾಗಿ ಇವರಿಗೇ ಸಲ್ಲುತ್ತದೆ.

1951ರಲ್ಲಿ ಬರೋಡಾ, 1959ರಲ್ಲಿ ದೆಹಲಿ. ಎರಡೂ ಕಡೆ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ವಿದ್ಯಾರ್ಥಿಗಳಿಗೆ ಅವರು ಒತ್ತಿ ಹೇಳುತ್ತಿದ್ದದ್ದು ಒಂದೇ: ಪುಸ್ತಕದಲ್ಲಿರುವ ಸಮಾಜ ಸಾಲದು, ಹೋಗಿ ಜನರ ನಡುವೆ ಇದ್ದು ನೋಡಿ.

1970ರಲ್ಲಿ ರಾಂಪುರದ ಪುಸ್ತಕ ಬರೆಯೋಕೆ ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿದ್ದರು. ಏಪ್ರಿಲ್ 24ರಂದು ಅವರಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಹದಿನೆಂಟು ವರ್ಷ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು. ಮೂರು ಬ್ಯಾಕಪ್, ಲೊಕೇಶನ್ ಮಾತ್ರ ಒಂದೇ! ಕೇಳಿದರೆ ನಮ್ಮಂಥವರಿಗೆ ಹೊಟ್ಟೆ ಚುರ್ ಅನ್ನುತ್ತೆ. ನೆನಪಿನಿಂದಲೇ ಬರಿ ಅಂತ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಧೈರ್ಯ ತುಂಬಿದರು. ಹಾಗೆ 1976ರಲ್ಲಿ ಬಂದ ಪುಸ್ತಕವೇ 'ದಿ ರಿಮೆಂಬರ್ಡ್ ವಿಲೇಜ್', ಅಂದರೆ ನೆನಪಿನ ಹಳ್ಳಿ.

ನನಗೆ ಆ ಪುಸ್ತಕದಲ್ಲಿ ಬಹಳ ಮುಖ್ಯ ಅನ್ನಿಸೋದು ಬೇರೆ ಒಂದು ಸಂಗತಿ. ರಾಂಪುರದಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಗೌಡರಿಗೆ ಸೇರಿದ, ಎತ್ತುಗಳನ್ನೂ ಕಟ್ಟುತ್ತಿದ್ದ ಮನೆಯಲ್ಲಿ. ಬ್ರಾಹ್ಮಣ ವಿದ್ವಾಂಸ, ಗೌಡರ ಅತಿಥಿ. ಹಾಗಾಗಿ ಹಳ್ಳಿ ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದ. ದಲಿತರ ಕೇರಿಯನ್ನು ಅಷ್ಟೇ ಹತ್ತಿರದಿಂದ ಅರಿಯಲಾಗಲಿಲ್ಲ. ಈ ಮಿತಿಯನ್ನು ಅವರೇ ಬರೆದಿಟ್ಟರು. ಆಮೇಲೆ ಬಂದವರು ಇದನ್ನೇ ಹಿಡಿದು ಟೀಕಿಸಿದರು. ಸಂಸ್ಕೃತೀಕರಣ ಅನ್ನೋದೇ ಮೇಲಿನಿಂದ ನೋಡಿದ ನೋಟ ಅಂದರು. ಆ ಟೀಕೆಯಲ್ಲಿ ಹುರುಳಿದೆ.

ಗೆಳೆಯರೇ, ಇದು ನಮಗೂ ತಗಲುವ ಮಾತು. ದೂರದ ಊರಲ್ಲಿ ಕೂತು 'ನಮ್ಮೂರಲ್ಲಿ ಜಾತಿ ಗೀತಿ ಏನಿಲ್ಲ, ಎಲ್ಲರೂ ಅಣ್ಣ ತಮ್ಮಂದಿರ ಹಾಗೆ ಇದ್ವಿ' ಅಂತ ಹೇಳ್ತೀವಲ್ಲ, ಆ ನೆನಪಿನ ಹಳ್ಳಿ ಯಾರ ಜಗುಲಿಯಿಂದ ಕಂಡದ್ದು? ಕೇರಿಯ ಕಡೆಯಿಂದ ಹೊರಟು ಇದೇ ಆಫೀಸಿಗೆ ಬಂದ ನಮ್ಮ ಸಹೋದ್ಯೋಗಿ ಅದೇ ಊರನ್ನು ಹಾಗೇ ನೆನೆಯುತ್ತಾರಾ? ದೂರ ಹೋದರೆ ಊರು ಸ್ಪಷ್ಟವಾಗಿ ಕಾಣುತ್ತೆ, ಆದರೆ ಹೊರಟ ಬಾಗಿಲು ಯಾವುದು ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಸಮಾಜಶಾಸ್ತ್ರದ ಓದು ಕಲಿಸೋದು ಇದನ್ನೇ.

ಶ್ರೀನಿವಾಸ್ 1972ರಲ್ಲಿ ಬೆಂಗಳೂರಿಗೆ ಮರಳಿ ಐಸೆಕ್ ಸಂಸ್ಥೆ ಸೇರಿದರು. 1999ರಲ್ಲಿ ಅಲ್ಲೇ ತೀರಿಕೊಂಡರು. ಅವರು ಓದಿದ ವಿಭಾಗ ಮುಂಬೈಯಲ್ಲಿದೆ, ಕಟ್ಟಿದ ವಿಭಾಗ ದೆಹಲಿಯಲ್ಲಿದೆ. ಅಲ್ಲಿರುವವರ ಮಕ್ಕಳಲ್ಲಿ ಯಾರಾದರೂ 'ನಾನು ಸಮಾಜಶಾಸ್ತ್ರ ಓದ್ತೀನಿ' ಅಂದರೆ ಪ್ಯಾಕೇಜ್ ಎಷ್ಟು ಅಂತ ಕೇಳೋ ಮುಂಚೆ ಈ ಮೈಸೂರಿನವರ ಕಥೆ ಒಮ್ಮೆ ಹೇಳಿ.